ಮೀನಿನ ಬಾಲ, ಮೀನಿನ ಕೆನ್ನೆ ಮತ್ತು ನಾನು ಕೊಡದ ಎರಡು ಅಂಕ

ನನ್ನ ಬಳಿ ಕಲಿತವರಿಗೆಲ್ಲ ನನ್ನ ಕೆಂಪು ಶಾಯಿಯ ಪೆನ್ನಿನ ನೆನಪಿರಬಹುದು. ಅದರಿಂದ ಸಾವಿರಾರು ಉತ್ತರಪತ್ರಿಕೆಗಳನ್ನು ತಿದ್ದಿದ್ದೇನೆ. ಬಹುಪಾಲು ಗೆರೆಗಳನ್ನು ಎಳೆದ ಮರುದಿನವೇ ಮರೆತಿದ್ದೇನೆ. ಆದರೆ ಒಂದು ಗೆರೆ ಮಾತ್ರ ನಿವೃತ್ತಿಯ ನಂತರವೂ ನನ್ನನ್ನು ಬಿಟ್ಟಿಲ್ಲ. ಇಂದಿನ ಬರಹ ಆ ಗೆರೆಯನ್ನು ಕುರಿತದ್ದು. ಮೀನಿನ ಸ್ನಾಯುಗಳ ವಿಷಯ ಇದರಲ್ಲಿ ಬಹಳವಾಗಿ ಬರುವುದರಿಂದ ನಮ್ಮ ಬಂಧುಗಳಲ್ಲಿ ಕೆಲವರು ಮೂಗು ಮುಚ್ಚಿಕೊಂಡಾರು. ಮೀನನ್ನು ತಿನ್ನದ ಮನೆಯಲ್ಲಿ ಹುಟ್ಟಿದ ನಾನೂ ಮೊದಲು ಹಾಗೆಯೇ ಮಾಡಿದವನು. ಸ್ವಲ್ಪ ಸಹಿಸಿಕೊಂಡು ಓದಬೇಕೆಂದು ವಿನಂತಿ.

1994ರ ಅರ್ಧವಾರ್ಷಿಕ ಪರೀಕ್ಷೆಯಲ್ಲಿ "ಡಾಲ್ಫಿನ್ ಮೀನಲ್ಲ. ಏಕೆ?" ಎಂದು ಎರಡು ಅಂಕದ ಪ್ರಶ್ನೆಯೊಂದನ್ನು ಕೊಟ್ಟಿದ್ದೆ. ಅದು ಶ್ವಾಸಕೋಶದಿಂದ ಉಸಿರಾಡುತ್ತದೆ, ಮರಿ ಹಾಕಿ ಹಾಲೂಡಿಸುತ್ತದೆ ಎಂಬುದು ನಾನು ಬರೆಸಿದ್ದ ಉತ್ತರ. ಶರಾವತಿಯ ಅಳಿವೆಯ ಕಡೆಯಿಂದ ಬರುತ್ತಿದ್ದ, ಮೀನುಗಾರರ ಮನೆಯ ಹುಡುಗನೊಬ್ಬ ಬೇರೆಯದನ್ನೇ ಬರೆದಿದ್ದ: "ಮೀನು ಬಾಲವನ್ನು ಎಡಕ್ಕೆ ಬಲಕ್ಕೆ ಬಡಿಯುತ್ತದೆ. ಡಾಲ್ಫಿನ್ ಮೇಲಕ್ಕೆ ಕೆಳಕ್ಕೆ ಬಡಿಯುತ್ತದೆ. ಆದ್ದರಿಂದ ಅದು ಮೀನಲ್ಲ." ನಾನು ಅಡ್ಡಗೆರೆ ಎಳೆದು ಸೊನ್ನೆ ಹಾಕಿದೆ. ಪತ್ರಿಕೆ ಹಂಚಿದ ದಿನ ಅವನು ಮೇಜಿನ ಬಳಿ ಬಂದು ನಿಂತ.

"ಸರ್, ಇದು ನಾ ಕಣ್ಣಾರೆ ಕಂಡದ್ದು. ದೋಣಿಯ ಪಕ್ಕದಲ್ಲೇ ಬರ್ತದೆ."

"ಪುಸ್ತಕದಲ್ಲಿ ಇದೆಯೇನೋ?" ಎಂದೆ ನಾನು.

"ಇಲ್ಲ ಸರ್."

"ಹಾಗಾದರೆ ಹೋಗಿ ಕೂತುಕೋ."

ಅವನು ಹೋಗಿ ಕೂತ. ಆ ವರ್ಷವಿಡೀ ಮತ್ತೆ ಪ್ರಶ್ನೆ ಕೇಳಲಿಲ್ಲ. ಅದನ್ನು ನಾನು ಆಗ ಗಮನಿಸಲೂ ಇಲ್ಲ.

ಆ ಹುಡುಗನ ಉತ್ತರ ಎಷ್ಟು ಆಳವಾದದ್ದೆಂದು ತಿಳಿಯಲು ನನಗೆ ಬಹುಕಾಲ ಬೇಕಾಯಿತು. ಬೇಯಿಸಿದ ಮೀನು ಪದರಪದರವಾಗಿ ಬಿಡಿಸಿಕೊಳ್ಳುವುದನ್ನು ಉಂಡವರೆಲ್ಲ ಬಲ್ಲರು. ಆ ಒಂದೊಂದು ಪದರವೂ ಒಂದೊಂದು ಸ್ನಾಯುಖಂಡ. ಪಕ್ಕದಿಂದ ನೋಡಿದರೆ ಅದು ಇಂಗ್ಲಿಷಿನ 'ಡಬ್ಲ್ಯು' ಅಕ್ಷರವನ್ನು ಅಡ್ಡ ಮಲಗಿಸಿದಂತೆ ಮಡಿಕೆಬಿದ್ದಿರುತ್ತದೆ. ಖಂಡಖಂಡಗಳ ನಡುವೆ ತೆಳು ಪೊರೆಯಿರುತ್ತದೆ. ಬೆಂದಾಗ ಆ ಪೊರೆ ಕರಗುವುದರಿಂದಲೇ ಪದರಗಳು ಬೇರೆಯಾಗುತ್ತವೆ. ಬೆನ್ನೆಲುಬಿನ ಎಡಕ್ಕೊಂದು, ಬಲಕ್ಕೊಂದು ಸಾಲು. ಎಡದ ಸಾಲು ಬಿಗಿದಾಗ ಬಾಲ ಎಡಕ್ಕೆ, ಬಲದ್ದು ಬಿಗಿದಾಗ ಬಲಕ್ಕೆ. ಡಾಲ್ಫಿನ್ ಹಾಗಲ್ಲ. ಅದರ ಪೂರ್ವಜರು ನೆಲದ ಮೇಲೆ ನಾಲ್ಕು ಕಾಲಿನಲ್ಲಿ ಓಡಾಡಿದ ಸಸ್ತನಿಗಳು. ಓಡುವ ನಾಯಿಯ ಬೆನ್ನನ್ನು ನೋಡಿ: ಅದು ಮೇಲಕ್ಕೂ ಕೆಳಕ್ಕೂ ಬಾಗುತ್ತದೆ. ಆ ಬೆನ್ನನ್ನೇ ಹೊತ್ತು ಡಾಲ್ಫಿನ್‌ನ ಹಿರಿಯರು ನೀರಿಗಿಳಿದರು. ಆಕಾರವು ಮೀನಿನಂತಾಯಿತು, ಬಾಲದ ಚಲನೆ ಮಾತ್ರ ಹಳೆಯ ಮನೆಯದಾಗಿಯೇ ಉಳಿಯಿತು. ಹುಡುಗ ಕಂಡದ್ದು ಕೇವಲ ಬಾಲವನ್ನಲ್ಲ. ಕೋಟ್ಯಂತರ ವರ್ಷಗಳ ವಂಶಚರಿತ್ರೆಯ ಒಂದು ಸಾಕ್ಷ್ಯವನ್ನು.

ಆತನ ನಿಯಮಕ್ಕೆ ಒಂದು ಆಕ್ಷೇಪವನ್ನು ನಾನು ಎತ್ತಬಹುದಿತ್ತು. ನಮ್ಮ ನಂಗುಮೀನು ಮರಳಿನ ಮೇಲೆ ಚಪ್ಪಟೆಯಾಗಿ ಮಲಗಿರುತ್ತದೆ. ಈಜುವಾಗ ಅದರ ದೇಹವೂ ಮೇಲೆ ಕೆಳಗೆ ಅಲೆಯಾಡುತ್ತದೆ. ಹಾಗಾದರೆ ಅದೂ ಮೀನಲ್ಲವೇ? ಉತ್ತರ ಸ್ವಾರಸ್ಯಕರವಾಗಿದೆ. ನಂಗು ಮಲಗಿರುವುದು ಹೊಟ್ಟೆಯ ಮೇಲಲ್ಲ, ಪಕ್ಕೆಯ ಮೇಲೆ. ಮರಿಯಾಗಿದ್ದಾಗ ಅದರ ತಲೆಯ ಎರಡು ಪಕ್ಕಗಳಲ್ಲೂ ಒಂದೊಂದು ಕಣ್ಣಿರುತ್ತದೆ. ಬೆಳೆಯುತ್ತ ಒಂದು ಕಣ್ಣು ಇನ್ನೊಂದು ಪಕ್ಕಕ್ಕೆ ಸರಿದುಬರುತ್ತದೆ. ಅದು ಬಡಿಯುವುದೂ ಎಡಬಲಕ್ಕೇ; ಮಲಗಿರುವುದರಿಂದ ನಮಗೆ ಮೇಲುಕೆಳಗೆಂದು ತೋರುತ್ತದೆ. ಕತ್ತರಿಸಿ ನೋಡಿದರೆ ಸ್ನಾಯುಖಂಡಗಳು ಮೀನಿನವೇ. ಹೊರಗಿನ ಚಲನೆ ಸಾಲದು, ಅದರ ಹಿಂದಿರುವ ಸ್ನಾಯುವನ್ನು ನೋಡಬೇಕು ಎಂಬ ಪಾಠವನ್ನು ಅಂದು ತರಗತಿಯಲ್ಲಿ ಮಾಡಬಹುದಿತ್ತು. ನನಗೇ ತಿಳಿದಿರದ ಪಾಠವನ್ನು ಮಾಡುವುದೆಂತು?

ಸ್ನಾಯುಗಳಿಂದ ಬಂಧುತ್ವವನ್ನು ಗುರುತಿಸುವುದು ಹೇಗೆ? ಇದಕ್ಕೆ ಮೇಷ್ಟರುಗಳೆಲ್ಲ ಬಲ್ಲ ಒಂದು ಉಪಾಯವಿದೆ. ಪರೀಕ್ಷೆಯಲ್ಲಿ ಇಬ್ಬರು ಒಂದೇ ಸರಿಯುತ್ತರ ಬರೆದರೆ ನಕಲೆಂದು ಹೇಳಲಾಗದು. ತರಗತಿಗೆಲ್ಲ ಕಲಿಸಿದ ಉತ್ತರ ಅದು. ಆದರೆ ಅಕ್ಕಪಕ್ಕದ ಇಬ್ಬರೇ, ಬೇರೆ ಯಾರಿಗೂ ಹೊಳೆಯದ ಒಂದೇ ವಿಚಿತ್ರ ತಪ್ಪನ್ನು ಬರೆದಿದ್ದರೆ? ಆಗ ಮೂಲ ಒಂದೇ ಎಂದು ಧೈರ್ಯವಾಗಿ ಹೇಳಬಹುದು. (ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರು ಈಗ ನಗುತ್ತಿರಬೇಕು.) ಜೀವಿಗಳ ವಂಶಾವಳಿಯಲ್ಲೂ ಹೀಗೆಯೇ. ಮಡಿಕೆಬಿದ್ದ ಸ್ನಾಯುಖಂಡಗಳು ಬಂಗುಡೆಗೂ ಇವೆ, ತಾರ್ಲೆಗೂ ಇವೆ, ಶಾರ್ಕಿಗೂ ಇವೆ. ಅದು ಎಲ್ಲರಿಗೂ ಬಂದ ಪಿತ್ರಾರ್ಜಿತ. ಇವುಗಳಲ್ಲಿ ಯಾರಿಗೆ ಯಾರು ಹತ್ತಿರವೆಂದು ಅದು ಹೇಳದು. ಕೆಲವೇ ಮೀನುಗಳಲ್ಲಿ ಹೊಸದಾಗಿ ತೋರಿಬಂದ ಬದಲಾವಣೆಯೇ ಹತ್ತಿರದ ನಂಟನ್ನು ಹೇಳುವುದು. ಜರ್ಮನಿಯ ಕೀಟವಿಜ್ಞಾನಿ ವಿಲ್ಲಿ ಹೆನ್ನಿಗ್ 1950ರಲ್ಲಿ ಈ ವಿಚಾರವನ್ನು ಶಾಸ್ತ್ರವಾಗಿ ಕಟ್ಟಿಕೊಟ್ಟರು. ಒಂದು ಉದಾಹರಣೆ: ಸ್ನಾಯುವನ್ನು ಬೆನ್ನಿನ ಭಾಗ, ಹೊಟ್ಟೆಯ ಭಾಗ ಎಂದು ಎರಡಾಗಿ ಬೇರ್ಪಡಿಸುವ ಅಡ್ಡ ಪೊರೆಯೊಂದಿದೆ. ದವಡೆಯಿಲ್ಲದ ಪುರಾತನ ಬಳಗದ ಲ್ಯಾಂಪ್ರಿ ಮತ್ತು ಹ್ಯಾಗ್‌ಫಿಶ್‌ಗಳಲ್ಲಿ ಅದಿಲ್ಲ, ದವಡೆಯುಳ್ಳ ಮೀನುಗಳಲ್ಲಿದೆ. ಶಾರ್ಕಿಗೂ ಬಂಗುಡೆಗೂ ಇರುವ ನಂಟಿಗೆ ಆ ಪೊರೆಯೂ ಒಂದು ಸಾಕ್ಷಿ.

ಆದರೆ ಎರಡು ಮೀನುಗಳ ಎರಡು ಸ್ನಾಯುಗಳು ನಿಜಕ್ಕೂ ಒಂದೇ ಮೂಲದವೆಂದು ತಿಳಿಯುವುದು ಹೇಗೆ? ಅಂಗರಚನಾಕಾರರು ಇದಕ್ಕೆ ನರದ ಮೊರೆಹೋಗುತ್ತಾರೆ. ಸ್ನಾಯು ಸೀಳಬಹುದು, ಹಿಗ್ಗಬಹುದು, ಸ್ಥಳ ಬದಲಿಸಬಹುದು. ಅದಕ್ಕೆ ಬರುವ ನರ ಸಾಮಾನ್ಯವಾಗಿ ಬದಲಾಗದು. ಊರು ಬಿಟ್ಟವನ ಜೊತೆಗೇ ಹೋಗುವ ಮನೆತನದ ಹೆಸರಿದ್ದಂತೆ. ಮೀನಿನ ಕೆನ್ನೆಯಲ್ಲಿರುವ, ದವಡೆಯನ್ನು ಮುಚ್ಚುವ ದೊಡ್ಡ ಸ್ನಾಯುವಿಗೆ ಬರುವುದು ಮೆದುಳಿನ ಐದನೆಯ ನರ. ನಾವು ಅವಲಕ್ಕಿ ಅಗಿಯುವಾಗ ಕೆನ್ನೆಯಲ್ಲಿ ಉಬ್ಬುವ ಸ್ನಾಯುವಿಗೂ ಅದೇ ಐದನೆಯ ನರ. ಅವೆರಡೂ ಒಂದೇ ಮೂಲದವು. ಬಂಗುಡೆಯ ಕೆನ್ನೆಯಲ್ಲಿ ನಮ್ಮ ಕೆನ್ನೆಯ ಹಳೆಯ ಪಾಠವಿದೆಯೆಂದು ತಿಳಿದ ದಿನ ನಾನು ಊಟಮಾಡುವಾಗ ಎರಡು ಬಾರಿ ಕೆನ್ನೆ ಮುಟ್ಟಿಕೊಂಡೆ.

ಈಗ ನಮ್ಮ ಹೊಳೆಗೆ ಬರೋಣ. ಗೇರುಸೊಪ್ಪವೆಂದರೆ ಹೊರಗಿನವರಿಗೆ ಚೆನ್ನಭೈರಾದೇವಿ, ಕಾಳುಮೆಣಸು, ಚತುರ್ಮುಖ ಬಸದಿ; ನಮಗೆ ಮನೆಯ ಮುಂದಿನ ಶರಾವತಿ. ಈ ಹೊಳೆಯ ಹೆಸರನ್ನೇ ಹೊತ್ತ ಮೀನುಗಳಿವೆಯೆಂದು ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? 2004ರಲ್ಲಿ 'ಬಟಾಸಿಯೋ ಶರಾವತಿಯೆನ್ಸಿಸ್' ಎಂಬ ಹೊಸ ಪ್ರಭೇದವನ್ನು ವಿಜ್ಞಾನಿಗಳು ವಿವರಿಸಿದರು. 2006ರಲ್ಲಿ 'ಶಿಸ್ಟುರಾ ಶರಾವತಿಯೆನ್ಸಿಸ್' ಮತ್ತು 'ಶಿಸ್ಟುರಾ ನಾಗೋಡಿಯೆನ್ಸಿಸ್' ಎಂಬ ಇನ್ನೆರಡನ್ನು ವಿವರಿಸಲಾಯಿತು. ಎಲ್ಲವೂ ಚಿಕ್ಕ ಮೀನುಗಳು. ಎಲ್ಲಕ್ಕೂ ಬಾಯಿಯ ಸುತ್ತ ಮೀಸೆಗಳಿವೆ. ಕಣ್ಣಳತೆಯಲ್ಲಿ ನೋಡುವವರು ಇವೆಲ್ಲ ಒಂದೇ ಬಳಗವೆಂದು ಹೇಳಿಬಿಟ್ಟಾರು.

ಅಲ್ಲ. ಬಟಾಸಿಯೋ ಬೆಕ್ಕುಮೀನುಗಳ ಬಳಗದ್ದು. ಶಿಸ್ಟುರಾ ಗೆಂಡೆ ಮೀನುಗಳ ಕಡೆಯದು. ದೂರದ ದಾಯಾದಿಗಳು ನಿಜ, ಒಂದೇ ಮನೆಯವರಲ್ಲ. ಬೆಕ್ಕುಮೀನಿನ ಮೇಲ್ದವಡೆಯ ಮೂಳೆ ಸಾಮಾನ್ಯವಾಗಿ ಕುಗ್ಗಿ, ಹಲ್ಲುಗಳನ್ನು ಕಳೆದುಕೊಂಡು, ಮೀಸೆಯ ಬುಡಕ್ಕೆ ಆಧಾರವಾಗಿದೆ. ಆ ಮೀಸೆಯನ್ನು ಹೊರಕ್ಕೆ ಚಾಚಲೆಂದೇ ಬೇರೆ ಸ್ನಾಯುವೊಂದು ರೂಪುಗೊಂಡಿದೆ. ಅಂಗುಳಿನ ಮೂಳೆಯನ್ನು ಅದು ಎಳೆದಾಗ ದವಡೆಯ ಪುಟ್ಟ ಮೂಳೆ ತಿರುಗಿ ಮೀಸೆ ಚಾಚಿಕೊಳ್ಳುತ್ತದೆ. ಈ ಯಂತ್ರ ಬೆಕ್ಕುಮೀನುಗಳ ಬಳಗದ ಗುರುತು. ಶಿಸ್ಟುರಾದ ಮೀಸೆಗೆ ಅದಿಲ್ಲ. ನೆಲ ತಡವಿ ಆಹಾರ ಹುಡುಕುವ ಕೆಲಸ ಒಂದೇ ಆದ್ದರಿಂದ ಮೀಸೆಯೆಂಬ ಉತ್ತರವನ್ನು ಎರಡು ಮನೆಗಳೂ ಬರೆದಿವೆ. ಬರೆದ ಕೈಗಳು ಬೇರೆ.

ಸ್ನಾಯುವನ್ನೇ ನೆಚ್ಚಿ ಒಂದು ಇಡೀ ಬಳಗದ ವಂಶಾವಳಿಯನ್ನು ಬರೆದ ಪ್ರಸಿದ್ಧ ಕೆಲಸ ರಿಚರ್ಡ್ ವಿಂಟರ್‌ಬಾಟಮ್ ಅವರದು. 1974ರಲ್ಲಿ ಅವರ ಎರಡು ಗ್ರಂಥಗಳು ಬಂದವು. ಒಂದರಲ್ಲಿ, ಒಂದೇ ಸ್ನಾಯುವಿಗೆ ಬೇರೆಬೇರೆ ಲೇಖಕರು ಕೊಟ್ಟಿದ್ದ ಹೆಸರುಗಳನ್ನೆಲ್ಲ ಒಟ್ಟುಗೂಡಿಸಿ ಕ್ರಮಪಡಿಸಿದರು. ಇನ್ನೊಂದರಲ್ಲಿ, ಪಫರ್ ಮೀನು ಮತ್ತು ಅದರ ನಂಟರನ್ನು ಬಿಡಿಸಿ ನೋಡಿ, ಸ್ನಾಯುಗಳ ಆಧಾರದಿಂದಲೇ ಆ ಕುಟುಂಬಗಳ ಸಂಬಂಧವನ್ನು ನಿರ್ಣಯಿಸಿದರು.

ಈ ಬಳಗ ನಮ್ಮ ಕರಾವಳಿಗೆ ಹೊಸದಲ್ಲ. ಅಪಾಯ ಬಂದಾಗ ನೀರು ಕುಡಿದು ಚೆಂಡಿನಂತೆ ಊದಿಕೊಳ್ಳುವ ಪಫರ್ ನಮ್ಮ ಬಲೆಗಳಲ್ಲಿ ಬೀಳುತ್ತದೆ. ನಮ್ಮ ಮೀನುಗಾರರು 'ಕಾರ್ಗಿಲ್ ಮೀನು' ಎಂದು ಕರೆಯುವ ಟ್ರಿಗರ್ ಮೀನೂ ಇದೇ ಬಳಗದ್ದು. ಮುಳ್ಳುಪಫರ್, ಪೆಟ್ಟಿಗೆಯಂತಹ ಕವಚದ ಮೀನು, ಬಾಲವೇ ಇಲ್ಲವೆನಿಸುವ ದೈತ್ಯ ಸನ್‌ಫಿಶ್, ಎಲ್ಲವೂ ಇದರವೇ. ರೂಪದಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲ. ಆದರೆ ಕೆನ್ನೆಯ ಚರ್ಮ ತೆಗೆದರೆ ದವಡೆ ಮುಚ್ಚುವ ಸ್ನಾಯು ಹಲವು ತುಂಡುಗಳಾಗಿ ಒಡೆದಿರುವುದು ಕಾಣುತ್ತದೆ. ಯಾವ ತುಂಡು ಎಲ್ಲಿಂದ ಹೊರಟು ಎಲ್ಲಿಗೆ ಅಂಟಿದೆ ಎಂಬ ವಿವರಗಳೇ ವಂಶಾವಳಿಯ ಅಕ್ಷರಗಳು. ಸನ್‌ಫಿಶ್‌ನಲ್ಲಂತೂ ದೇಹದ ಪಕ್ಕದ ಸ್ನಾಯುಗಳು ಕ್ಷೀಣಿಸಿ, ಬೆನ್ನಿನ ಮತ್ತು ಹೊಟ್ಟೆಯ ರೆಕ್ಕೆಗಳ ಸ್ನಾಯುಗಳೇ ಅಗಾಧವಾಗಿ ಬೆಳೆದಿವೆ. ಅದು ಆ ಎರಡು ರೆಕ್ಕೆಗಳಿಂದಲೇ ಈಜುವ ಮೀನು.

ಊದಿಕೊಳ್ಳುವ ಕಲೆಯ ಮೂಲವೂ ಸ್ನಾಯುಗಳಿಂದಲೇ ತಿಳಿದುಬಂತು. ಪೀಟರ್ ವೇನ್‌ರೈಟ್ ಮತ್ತು ರಾಲ್ಫ್ ಟುರಿಂಗನ್ ಎಂಬ ವಿಜ್ಞಾನಿಗಳು 1997ರಲ್ಲಿ ತೋರಿಸಿದ್ದು ಹೀಗೆ: ಬಾಯಿಗೆ ಕಸ ಬಂದರೆ ಕೆಮ್ಮಿ ಹೊರಹಾಕುವುದು ಮೀನುಗಳ ಸಾಮಾನ್ಯ ಕ್ರಿಯೆ, ಟ್ರಿಗರ್ ಮೀನು ಅದನ್ನೇ ಬಲಪಡಿಸಿ ನೀರನ್ನು ಊದಿ ಮರಳನ್ನು ಕೆದಕುತ್ತದೆ, ಪಫರ್ ಅದನ್ನೇ ಇನ್ನೂ ಮುಂದೊಯ್ದು ನೀರನ್ನು ಹೊಟ್ಟೆಗೆ ತುಂಬಿಕೊಳ್ಳುತ್ತದೆ. ಕೆಮ್ಮು ಕವಚವಾಯಿತು. ಪ್ರಕೃತಿ ಹೊಸದನ್ನು ಶೂನ್ಯದಿಂದ ತರುವುದಿಲ್ಲ. ಹಳೆಯ ಸೀರೆಯಿಂದ ಕೌದಿ ಹೊಲಿಯುವ ಅಜ್ಜಿಯಂತೆ ಇದ್ದುದನ್ನೇ ಬಳಸಿಕೊಳ್ಳುತ್ತದೆ.

ಸ್ನಾಯು ಎಂದೂ ಸುಳ್ಳು ಹೇಳದೆಂದು ನಾನು ವಾದಿಸುತ್ತಿಲ್ಲ. ಒಂದೇ ತಪ್ಪನ್ನು ಇಬ್ಬರು ಸ್ವತಂತ್ರವಾಗಿ ಮಾಡುವುದೂ ಉಂಟು. ವೇಗವಾಗಿ ಈಜುವ ಟ್ಯೂನಾ ಮೀನಿನ ಕೆಂಪು ಸ್ನಾಯು ಚರ್ಮದ ಬಳಿ ಇರದೆ ಬೆನ್ನೆಲುಬಿನ ಸಮೀಪಕ್ಕೆ ಸರಿದಿದೆ. ಅದನ್ನು ಸುತ್ತಲಿನ ನೀರಿಗಿಂತ ಬೆಚ್ಚಗೆ ಇಟ್ಟುಕೊಳ್ಳುವ ವ್ಯವಸ್ಥೆಯಿದೆ. ಮಾಕೋ ಶಾರ್ಕಿನಲ್ಲೂ ಹಾಗೆಯೇ. ಇವೆರಡು ಹತ್ತಿರದ ನಂಟರಲ್ಲ. ಒಂದೇ ಅಗತ್ಯ ಎರಡು ಬಾರಿ ಒಂದೇ ಉತ್ತರ ಬರೆಸಿತು. ಭಾರತದ ಮೀನುಶಾಸ್ತ್ರದ ಹಿರಿಯರಾದ ಸುಂದರ್ ಲಾಲ್ ಹೋರಾ (1896–1955) ಅವರ 'ಸಾತ್ಪುರ ಸಿದ್ಧಾಂತ'ವೂ ಇದೇ ಪ್ರಶ್ನೆಗೆ ಸಿಲುಕಿತು. ಮಲಯಾದ ಮತ್ತು ನಮ್ಮ ಪಶ್ಚಿಮಘಟ್ಟದ ಗಿರಿತೊರೆಗಳ ಮೀನುಗಳು ಹೋಲುವುದನ್ನು ಕಂಡು, ಅವು ಸಾತ್ಪುರ ಬೆಟ್ಟಸಾಲಿನ ದಾರಿಯಾಗಿ ಬಂದಿರಬೇಕೆಂದು ಅವರು ಊಹಿಸಿದರು. ಆ ಹೋಲಿಕೆಗಳಲ್ಲಿ ಕೆಲವು ರಕ್ತಸಂಬಂಧದವೇ ಅಥವಾ ರಭಸದ ನೀರು ಎರಡೂ ಕಡೆ ಕಡೆದ ಒಂದೇ ರೂಪವೇ ಎಂಬ ಚರ್ಚೆ ಬಹುಕಾಲ ನಡೆಯಿತು. ಸ್ವಾರಸ್ಯವೆಂದರೆ, ಹರಿವ ನೀರು ಜೀವಿಗಳ ರೂಪವನ್ನು ಹೇಗೆ ತಿದ್ದುತ್ತದೆಂದು 1930ರಷ್ಟು ಹಿಂದೆಯೇ ವಿಸ್ತಾರವಾಗಿ ಬರೆದವರೂ ಹೋರಾ ಅವರೇ. ಹೆಸರುಗಳೂ ದಾರಿ ತಪ್ಪಿಸುತ್ತವೆ. ಕೆನ್ನೆಯ ಸ್ನಾಯುವಿನ ತುಂಡುಗಳಿಗೆ 'ಎ1', 'ಎ2', 'ಎ3' ಎಂದು ಹೆಸರಿಡುವ ಪದ್ಧತಿ 19ನೇ ಶತಮಾನದ್ದು. ಒಂದು ಗುಂಪಿನ 'ಎ1' ಇನ್ನೊಂದರ 'ಎ1' ಅಲ್ಲವೆಂದು ತೋರಿಸಿ, ದಾತೊವೊ ಮತ್ತು ವಾರಿ ಎಂಬವರು 2013ರಲ್ಲಿ ಹೊಸ ಹೆಸರುಗಳನ್ನೇ ಸೂಚಿಸಬೇಕಾಯಿತು.

ಬೆಂಗಳೂರಿನಲ್ಲಿ ಓದುತ್ತಿರುವ ನನ್ನ ತಂಗಿಯ ಮೊಮ್ಮಗ ಕಳೆದ ರಜೆಯಲ್ಲಿ ಬಂದಾಗ ಇದನ್ನೆಲ್ಲ ಕೇಳಿ, "ಅಜ್ಜಾ, ಈಗ ಡಿಎನ್‌ಎ ಇದೆಯಲ್ಲ, ಕೆನ್ನೆ ಕತ್ತರಿಸುವುದು ಏಕೆ?" ಎಂದ. ನ್ಯಾಯವಾದ ಪ್ರಶ್ನೆ. ಪಫರ್ ಮೀನಿನ ಜೀನೋಮ್‌ನ ಕರಡು 2002ರಷ್ಟು ಹಿಂದೆಯೇ ಪ್ರಕಟವಾಯಿತು. ಆ ಜೀನೋಮ್ ನಮ್ಮದರ ಎಂಟನೆಯ ಒಂದು ಭಾಗದಷ್ಟಿದೆ. ವಂಶಾವಳಿಯನ್ನು ನಿರ್ಣಯಿಸುವಲ್ಲಿ ಡಿಎನ್‌ಎಯ ಬಲ ದೊಡ್ಡದು, ಒಪ್ಪುತ್ತೇನೆ. ಪಫರ್ ಮತ್ತು ಮುಳ್ಳುಪಫರ್ ಒಡಹುಟ್ಟಿದ ಕುಟುಂಬಗಳೆಂಬ ಅಂಗರಚನಾಕಾರರ ಮಾತನ್ನು ಅದು ಎತ್ತಿಹಿಡಿಯಿತು. ಸನ್‌ಫಿಶ್‌ನ ಸ್ಥಾನದಂತಹ ಕೆಲವು ನಿರ್ಣಯಗಳನ್ನು ಮತ್ತೆ ಚರ್ಚೆಗೆ ತಂದಿತು.

ಆದರೂ ನನ್ನ ಉತ್ತರ ಹೀಗಿದೆ. ಯಾರು ಯಾರ ನಂಟರೆಂದು ಡಿಎನ್‌ಎ ಹೇಳುತ್ತದೆ. ಆ ಮನೆಯಲ್ಲಿ ಏನು ನಡೆಯಿತೆಂದು ಸ್ನಾಯು ಹೇಳುತ್ತದೆ. ಕೆಮ್ಮು ಕವಚವಾದ ಕಥೆ ಕೇವಲ ಅಕ್ಷರಮಾಲೆಯಿಂದ ಹೊರಡದು. ಇನ್ನು, ಕೋಟ್ಯಂತರ ವರ್ಷ ಹಳೆಯ ಪಳೆಯುಳಿಕೆಗಳಲ್ಲಿ ಡಿಎನ್‌ಎ ಉಳಿಯುವುದಿಲ್ಲ. ಸ್ನಾಯು ಅಂಟಿದ್ದ ಗುರುತು ಮೂಳೆಯ ಮೇಲೆ ಉಳಿದಿರುತ್ತದೆ. ಅಪರೂಪಕ್ಕೆ ಸ್ನಾಯುವೇ ಉಳಿದಿರುವುದುಂಟು: ಆಸ್ಟ್ರೇಲಿಯಾದ ಗೋಗೋ ಎಂಬಲ್ಲಿ ದೊರೆತ ಸುಮಾರು 38 ಕೋಟಿ ವರ್ಷ ಹಳೆಯ ಕವಚಮೀನುಗಳ ಸ್ನಾಯುಗಳ ವಿವರ 2013ರಲ್ಲಿ ಪ್ರಕಟವಾಯಿತು. ಕೊನೆಯದಾಗಿ, ಇಬ್ಬರು ಸಾಕ್ಷಿಗಳು ಒಬ್ಬರಿಗಿಂತ ಮೇಲು. ಪಫರ್ ಬಳಗಕ್ಕೂ ಗಾಳದ ಮೀನುಗಳ ಬಳಗಕ್ಕೂ ನಂಟಿದೆಯೆಂದು ಡಿಎನ್‌ಎ ಸೂಚಿಸಿದ ಮೇಲೆ ಅಂಗರಚನಾಕಾರರು ಮೃದು ಅಂಗಗಳನ್ನು ಮತ್ತೆ ಪರೀಕ್ಷಿಸಿ, ಮೊದಲು ಗಮನಿಸದಿದ್ದ ಹೋಲಿಕೆಗಳನ್ನು ಕಂಡರು. ಒಂದು ಸಾಕ್ಷಿ ಇನ್ನೊಂದರ ಕಣ್ಣು ತೆರೆಸಿತು.

ಮೊಮ್ಮಗನಿಗೆ ಹೇಳದೆ ಉಳಿಸಿಕೊಂಡ ಇನ್ನೊಂದು ಕಾರಣವಿದೆ. ಅದು ಶಾಲೆಗೆ ಸಂಬಂಧಿಸಿದ್ದು. ಡಿಎನ್‌ಎಯನ್ನು ನಮ್ಮ ಹಳ್ಳಿಯ ಶಾಲೆಯ ಮಗು ಓದಬಲ್ಲದೇ ಹೊರತು ನೋಡಲಾರದು. ಮೀನಿನ ಕೆನ್ನೆಯನ್ನು ನೋಡಬಲ್ಲದು. ಎನ್‌ಸಿಇಆರ್‌ಟಿಯ 10ನೇ ತರಗತಿಯ ವಿಜ್ಞಾನ ಪುಸ್ತಕದ 'ಅನುವಂಶೀಯತೆ ಮತ್ತು ಜೀವವಿಕಾಸ' ಎಂಬ ಅಧ್ಯಾಯ, 2022ರಲ್ಲಿ ಪ್ರಕಟವಾದ ಕಡಿತದ ನಂತರ ಬರೀ 'ಅನುವಂಶೀಯತೆ' ಆಯಿತು. ಕೋವಿಡ್ ಕಾಲದ ಹೊರೆ ಇಳಿಸಲೆಂದು ಕಾರಣ ಕೊಟ್ಟರು. 12ನೇ ತರಗತಿಯ ಜೀವಶಾಸ್ತ್ರದಲ್ಲಿ ಆ ಪಾಠ ಉಳಿದಿದೆಯೆಂದೂ ಹೇಳಿದರು. 2023ರ ಏಪ್ರಿಲ್‌ನಲ್ಲಿ 1800ಕ್ಕೂ ಹೆಚ್ಚು ವಿಜ್ಞಾನಿಗಳು ಮತ್ತು ಶಿಕ್ಷಕರು ಬಹಿರಂಗ ಪತ್ರ ಬರೆದು ಆಕ್ಷೇಪಿಸಿದರು. ನಾನು ಆಕ್ಷೇಪಿಸಿದವರ ಪಕ್ಷದವನು. ಹತ್ತನೆಯ ತರಗತಿಯ ನಂತರ ಜೀವಶಾಸ್ತ್ರ ಓದುವವರು ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ? ಉಳಿದವರಿಗೆ ಆ ಬಾಗಿಲು ಅಲ್ಲಿಗೇ ಮುಚ್ಚಿತು.

ಆದರೆ ದೂರನ್ನು ಪುಸ್ತಕದ ಮೇಲೆ ಹೊರಿಸಿ ಸುಮ್ಮನಿರಲು ನನಗೆ ನೈತಿಕ ಹಕ್ಕಿಲ್ಲ. 1994ರಲ್ಲಿ ನನ್ನ ಮುಂದೆಯೇ ಒಬ್ಬ ಹುಡುಗ ಜೀವವಿಕಾಸದ ಸಾಕ್ಷ್ಯ ಹಿಡಿದು ನಿಂತಿದ್ದ. ನಾನು ಅವನನ್ನು ಪುಸ್ತಕದ ಹೆಸರು ಹೇಳಿ ಕೂರಿಸಿದೆ. ಪಾಠ ತೆಗೆಯುವವರಿಗಿಂತ ಮೊದಲೇ, ಪಾಠವಿದ್ದಾಗಲೇ, ಅದನ್ನು ಕೊಂದವರಲ್ಲಿ ನಾನೂ ಒಬ್ಬ. ಆದ್ದರಿಂದ ಶಿಕ್ಷಕರಾಗಿರುವ ನನ್ನ ವಿದ್ಯಾರ್ಥಿಗಳಿಗೆ ಒಂದು ಮಾತು. ವರ್ಷದಲ್ಲಿ ಒಂದು ದಿನ ಪೇಟೆಯಿಂದ ಒಂದು ಬಂಗುಡೆ, ಒಂದು ನಂಗು, ಸಿಕ್ಕರೆ ಒಂದು ಕಾರ್ಗಿಲ್ ಮೀನು ತರಿಸಿ. ಪಾಠಕ್ಕಾಗಿ ಒಂದು ಜೀವವನ್ನೂ ಹೊಸದಾಗಿ ಕೊಲ್ಲಬೇಕಿಲ್ಲ. ಮಾರಾಟಕ್ಕೆ ಬಂದದ್ದೇ ಸಾಕು. ಕತ್ತಿ ಹಿಡಿಯಲು ಮೀನುಗಾರರ ಮನೆಯ ಮಕ್ಕಳನ್ನು ಕರೆಯಿರಿ. ಆ ದಿನ ಅವರು ಮೇಷ್ಟರು, ನೀವು ವಿದ್ಯಾರ್ಥಿ. ಮುಟ್ಟಲೊಲ್ಲದ ಮಕ್ಕಳನ್ನು ಬಲವಂತಪಡಿಸಬೇಡಿ. ದೂರ ನಿಂತು ನೋಡಲಿ, ನಾನು ಹಾಗೆಯೇ ಕಲಿತವನು.

ಆ ಹುಡುಗ ಈಗ ಹೊನ್ನಾವರದ ಕಾಸರಕೋಡ ಬಂದರಿನಲ್ಲಿ ದೋಣಿಯ ಯಜಮಾನ. ಹೋದ ವರ್ಷ ಅಲ್ಲಿಗೆ ಹೋದಾಗ ಅವನೇ ಗುರುತಿಸಿ ಮಾತನಾಡಿಸಿದ. ಬುಟ್ಟಿಯಲ್ಲಿದ್ದ ಕಾರ್ಗಿಲ್ ಮೀನೊಂದರ ಗಡಸು ಚರ್ಮವನ್ನು ಸುಲಿದು, ಕೆನ್ನೆಯ ಸ್ನಾಯುವನ್ನು ನನಗೆ ತೋರಿಸಿದವನೂ ಅವನೇ. ನಾನು ಆ ಉತ್ತರಪತ್ರಿಕೆಯ ವಿಷಯ ತೆಗೆದು, "ನೀನು ಬರೆದದ್ದು ಸರಿಯಿತ್ತಪ್ಪ, ತಪ್ಪಿದವನು ನಾನು" ಎಂದೆ. ಅವನು ಮರೆತಿರಬಹುದೆಂದು ನಾನು ಎಣಿಸಿದ್ದೆ. ಮರೆತಿರಲಿಲ್ಲ.

"ಒಂದು ಅಂಕ ಕೊಟ್ಟಿದ್ರೂ ಆಗ್ತಿತ್ತು ಸರ್," ಎಂದು ನಕ್ಕ. ಆಮೇಲೆ ಕೈ ತೊಳೆದುಕೊಂಡು ಬಂದು, ನನ್ನನ್ನು ಗೇರುಸೊಪ್ಪದ ಬಸ್ಸು ಹತ್ತಿಸಿ ಹೋದ.